ಗಾಡಿ ಸರಿಯಾಗಿದೆ ಎಂದವರು

ಸಯನ್, ಮುಂಬಯಿ
೧೮ ಜೂನ್ ೨೦೨೪

ಚಿರಂಜೀವಿ ಸುಕೇಶನಿಗೆ ನಿನ್ನ ಸೋದರಮಾವ ಕಾಂತಪ್ಪನ ಆಶೀರ್ವಾದ.

ನೀನೂ ನಿಶ್ಮಿತಾಳೂ ನಾಸಿಕ್‌ನಲ್ಲಿ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ಬಸುರಿ ಹೆಂಗಸು, ಹೋಟೆಲಿನ ಕೆಲಸಕ್ಕೆ ಕೆಳಗೆ ಇಳಿಸಬೇಡ ಎಂದು ನಿನ್ನ ಮಾಮಿ ಹೇಳಿದ್ದಾಳೆ. ಅದನ್ನು ಮೊದಲು ಬರೆದು ಆಮೇಲೆ ಬೇರೆ ವಿಷಯ ಬರೆಯಿರಿ ಎಂದು ಪಕ್ಕದಲ್ಲೇ ಕೂತಿದ್ದಾಳೆ.

ಮೊನ್ನೆ ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ. ಹೋಟೆಲಿನ ಗದ್ದಲದಲ್ಲಿ ನೀನು ‘ಆಮೇಲೆ ಮಾಡ್ತೇನೆ ಮಾವ’ ಎಂದು ಇಟ್ಟೆ. ಕಾಗದವಾದರೆ ನಿನಗೆ ಪುರುಸೊತ್ತು ಇದ್ದಾಗ ಓದಬಹುದು. ಫೋರ್ಟಿನ ಹೋಟೆಲಿನ ಗಲ್ಲಾದಲ್ಲಿ ಕೂತೇ ಊರಿಗೆಲ್ಲ ಕಾಗದ ಬರೆದವನು ನಾನು. ಕೈಗೆ ಅಭ್ಯಾಸವಿದೆ.

ನಮ್ಮ ಕಾರಿಗೆ ಅಪಘಾತವಾಗಿದೆ. ನಾನಾಗಲಿ ನಿನ್ನ ಮಾಮಿಯಾಗಲಿ ಅದರಲ್ಲಿರಲಿಲ್ಲ. ಕೆಳಗಿನ ಮಹಡಿಯ ಕಸ್ತೂರಿಬಾಯಿ ಮತ್ತು ಮಗಳು ವೈಶಾಲಿ ಇದ್ದರು. ನಿನ್ನ ಹತ್ತನೆಯ ಪರೀಕ್ಷೆಯ ದಿನಗಳಲ್ಲಿ ಬಿಸಿ ಜೋಳದ ರೊಟ್ಟಿ ಕಳಿಸುತ್ತಿದ್ದ ಅದೇ ಕಸ್ತೂರಿಬಾಯಿ. ಪವಾಯಿಯಲ್ಲಿ ವೈಶಾಲಿಯ ಆಫೀಸಿನಲ್ಲಿ ಮನೆಯವರನ್ನೆಲ್ಲ ಕರೆದು ಏನೋ ಕಾರ್ಯಕ್ರಮವಿತ್ತು. ಮಗಳು ಎಲ್ಲಿ ಕೂತು ಕೆಲಸ ಮಾಡುತ್ತಾಳೆಂದು ತಾಯಿ ಒಮ್ಮೆಯೂ ನೋಡಿರಲಿಲ್ಲ. ಮಳೆ ಬೇರೆ. ರಿಕ್ಷಾದಲ್ಲಿ ಏಕೆ, ನಮ್ಮ ಗಾಡಿ ತೆಗೆದುಕೊಂಡು ಹೋಗು ಎಂದು ನಾನೇ ಕೀ ಕೊಟ್ಟೆ.

ವಾಪಸು ಬರುವಾಗ ಫ್ಲೈಓವರಿನ ಏರಿನಲ್ಲಿ ಎಂಜಿನ್ ನಿಂತುಹೋಯಿತಂತೆ. ಉರಿಯುವ ದೀಪ ಆರಿದ ಹಾಗೆ, ಏನೂ ಮುನ್ಸೂಚನೆ ಇಲ್ಲದೆ. ವೈಶಾಲಿ ಎರಡು ಸಲ ಸ್ಟಾರ್ಟ್ ಮಾಡಿ ನೋಡಿದ್ದಾಳೆ. ಅಷ್ಟರಲ್ಲಿ ಹಿಂದಿನಿಂದ ಬಂದ ಟೆಂಪೊ ಹೊಡೆದಿದೆ. ವೈಶಾಲಿಗೆ ಹಣೆ ಒಡೆದು ಹೊಲಿಗೆ ಬಿದ್ದಿದೆ. ಹಿಂದಿನ ಸೀಟಿನಲ್ಲಿದ್ದ ಕಸ್ತೂರಿಬಾಯಿಯ ಬೆನ್ನುಮೂಳೆಗೆ ಪೆಟ್ಟು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕಾದು ನೋಡಬೇಕು ಎನ್ನುತ್ತಾರೆ ಡಾಕ್ಟರು.

ಈಗ ಕೇಳು, ನಾನು ಬರೆಯುತ್ತಿರುವುದು ಇದಕ್ಕೆ. ಚಳಿಗಾಲದಲ್ಲಿ ಕಾರಿನ ಕಂಪೆನಿಯಿಂದ ನನ್ನ ಮೊಬೈಲಿಗೆ ಮೆಸೇಜು ಬಂದದ್ದು ನೆನಪಿದೆಯಲ್ಲ? ಯಾವುದೋ ಜಾಹೀರಾತು ಎಂದು ನಾನು ಅಳಿಸಲು ಹೊರಟಿದ್ದೆ. ವೈಶಾಲಿಯೇ ತಡೆದು, ಆರ್‌ಸಿ ಕಾರ್ಡ್ ತರಿಸಿ, ಚಾಸಿ ನಂಬರನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದ್ದಳು. ‘ಅಂಕಲ್, ಇದು ರೀಕಾಲ್. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪು ಮಾಡುವಾಗಲೇ ತಪ್ಪಾಗಿದೆಯಂತೆ. ಓಡ್ತಾ ಇರುವಾಗಲೇ ಬಂದ್ ಆಗಬಹುದು. ಅವರೇ ಕರೆಸಿ ಫುಕಟ್ ಬದಲಾಯಿಸಿ ಕೊಡ್ತಾರೆ, ಬಿಡಬೇಡಿ’ ಎಂದಳು. ನೀನು ಗಾಡಿಯನ್ನು ಕುರ್ಲಾದ ಸರ್ವೀಸ್ ಸೆಂಟರಿಗೆ ತೆಗೆದುಕೊಂಡು ಹೋದೆ, ಕೆಲಸ ಮುಗಿಸಿ ತಂದೆ.

ಕೀ ಕೊಡುವಾಗ ವೈಶಾಲಿ ಕೇಳಿದ್ದಳು, ‘ಆ ಪಂಪಿಂದು ಆಗಿದೆಯಲ್ಲ ಅಂಕಲ್?’ ನಾನು ಹೇಳಿದೆ, ‘ನಮ್ಮ ಸುಕೇಶ ಮಾಡಿಸಿದ್ದಾನೆ. ಕಣ್ಣು ಮುಚ್ಚಿ ತೆಗೆದುಕೊಂಡು ಹೋಗು.’

ಆಸ್ಪತ್ರೆಯಲ್ಲಿ ಕಸ್ತೂರಿಬಾಯಿ ನನ್ನನ್ನೇ ನೋಡಿ, ‘ಕಾಂತಪ್ಪಣ್ಣಾರ, ರಿಪೇರಿ ಮಾಡಸೇವಿ ಅಂದಿದ್ರಲ್ರೀ’ ಎಂದರು. ಬೈಯಲಿಲ್ಲ. ತಿಳಿಯದೆ ಕೇಳಿದ ಹಾಗೆ ಕೇಳಿದರು.

ಹೊಸ ಪಂಪು ಹಾಕಿದ ಮೇಲೂ ಹೀಗಾಗುವುದೆಂದರೆ ಏನು? ಅವರು ಹಾಕಿದ್ದೇ ಕೆಟ್ಟದ್ದೇ? ಆ ದಿನ ಯಾರು ಕೆಲಸ ಮಾಡಿದರು, ಏನು ಹೇಳಿದರು, ಎಲ್ಲ ನೆನಪು ಮಾಡಿ ಬರೆ. ನಾನು ಅವರನ್ನು ಬಿಡುವವನಲ್ಲ.

ನಿನ್ನ ಮಾವ
ಕಾಂತಪ್ಪ


ನಾಸಿಕ್
೪ ಜುಲೈ ೨೦೨೪

ಮಾವನಿಗೆ ಮತ್ತು ಮಾಮಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ಕೈಯಲ್ಲಿ ಕನ್ನಡ ಬರೆಯದೆ ವರ್ಷಗಳಾಯಿತು. ತಪ್ಪು ಇದ್ದರೆ ಮೊದಲಿನ ಹಾಗೆ ಕೆಂಪು ಪೆನ್ನಿನಲ್ಲಿ ತಿದ್ದಿ.

ಕಸ್ತೂರಿ ಆಂಟಿ ವಿಷಯ ಓದಿ ಬಹಳ ಬೇಜಾರಾಯಿತು. ಊಟ ಸೇರಲಿಲ್ಲ. ಅವರಿಗೆ ಬೇಗ ಗುಣವಾಗಲಿ. ನಿಶ್ಮಿತಾ ದೇವಿಗೆ ಹರಕೆ ಹೇಳಿಕೊಂಡಿದ್ದಾಳೆ.

ಸರ್ವೀಸ್ ಸೆಂಟರಿನಲ್ಲಿ ಅವತ್ತು ತುಂಬಾ ರಶ್ ಇತ್ತು. ಗಾಡಿ ಒಳಗೆ ತೆಗೆದುಕೊಂಡರು, ಚೆಕ್ ಮಾಡಿದರು, ಸಬ್ ಠೀಕ್ ಹೈ ಅಂದರು. ಅಷ್ಟೇ ನನಗೆ ಗೊತ್ತು. ಕೆಲಸ ಮಾಡುವಲ್ಲಿಗೆ ಕಸ್ಟಮರನ್ನು ಬಿಡುವುದಿಲ್ಲ. ಯಾರು ಮಾಡಿದ್ದು ಎಂದು ನಾನು ಹೇಗೆ ಹೇಳಲಿ?

ಒಂದು ಮಾತು ಮಾವ. ತಪ್ಪು ಟೆಂಪೊದವನದು. ಮುಂದೆ ಗಾಡಿ ನಿಂತರೆ ಬ್ರೇಕ್ ಹಾಕಬೇಕಾದ್ದು ಅವನು. ಪೊಲೀಸರು ಅವನ ಮೇಲೆ ಕೇಸ್ ಮಾಡಿದ್ದಾರೆ ಅಂತ ಮಾಮಿ ಹೇಳಿದರು. ಪಂಪಿನ ಹಿಂದೆ ಬಿದ್ದು ನೀವು ಈ ವಯಸ್ಸಿನಲ್ಲಿ ಕುರ್ಲಾಗೆಲ್ಲ ಓಡಾಡಬೇಡಿ. ಮಳೆ ಇದೆ.

ಇಲ್ಲಿ ಹೋಟೆಲು ಚೆನ್ನಾಗಿ ನಡೆಯುತ್ತಿದೆ. ಪಾರ್ಟ್ನರ್ ಪ್ರೀತಮ್ ಭಾಯಿ ಒಳ್ಳೆಯವರು.

ನಿಮ್ಮ ಅಳಿಯ
ಸುಕೇಶ್


ಸಯನ್
೨೧ ಜುಲೈ ೨೦೨೪

ಸುಕೇಶನಿಗೆ ಮಾವನ ಆಶೀರ್ವಾದ.

ಕುರ್ಲಾಗೆ ಹೋಗಿ ಬಂದೆ.

ಕೌಂಟರಿನಲ್ಲಿ ರಂಜನಾ ಎಂಬ ಹುಡುಗಿ ಇದ್ದಳು. ನಾನು ಸಿಟ್ಟಿನಲ್ಲೇ ಹೋಗಿದ್ದೆ. ನೀವು ಹಾಕಿದ ಹೊಸ ಪಂಪು ನಾಲ್ಕು ತಿಂಗಳೂ ಬರಲಿಲ್ಲ, ನಿಮ್ಮಿಂದ ಒಬ್ಬ ಹೆಂಗಸು ಹಾಸಿಗೆ ಹಿಡಿದಿದ್ದಾಳೆ ಎಂದು ನಿಂತಲ್ಲೇ ಜೋರು ಮಾಡಿದೆ. ಕಾಯುತ್ತ ಕೂತವರೆಲ್ಲ ತಿರುಗಿ ನೋಡಿದರು. ಅವಳು ಪಾಪ ನೀರು ಕೊಟ್ಟು ಕೂರಿಸಿದಳು. ಚಾಸಿ ನಂಬರ್ ಹಾಕಿ ನೋಡಿದಳು.

‘ಅಂಕಲ್, ಪಂಪ್ ಬದ್ಲಾಯಿಸೇ ಇಲ್ಲ. ರೀಕಾಲ್ ಪೆಂಡಿಂಗ್ ಅಂತಾನೇ ತೋರಿಸ್ತಿದೆ’ ಎಂದಳು.

ನಿಮ್ಮ ಕಂಪ್ಯೂಟರ್ ತಪ್ಪಿರಬೇಕು, ನನ್ನ ಅಳಿಯ ಖುದ್ದು ತಂದಿದ್ದಾನೆ ಎಂದೆ. ತಂದದ್ದು ನಿಜವಂತೆ. ಅವತ್ತು ಪಂಪು ಸ್ಟಾಕಿನಲ್ಲಿ ಇರಲಿಲ್ಲವಂತೆ. ಬಂದ ಮೇಲೆ ಫೋನ್ ಮಾಡುತ್ತೇವೆಂದು ನಂಬರು ತೆಗೆದುಕೊಂಡು ಕಳಿಸಿದರಂತೆ. ನಂಬರು ನಿನ್ನದು. ಪಂಪು ಬಂದ ಮೇಲೆ ಫೋನ್ ಮಾಡಿದ್ದಾರೆ, ಮತ್ತೆಯೂ ಮಾಡಿದ್ದಾರೆ. ಮೊದಲ ಸಲ ‘ನೋಡ್ತೇನೆ’ ಎಂದೆಯಂತೆ. ಆಮೇಲೆ, ‘ಬೇರೆ ಕಡೆ ಮಾಡಿಸಿ ಆಯ್ತು, ಇನ್ನು ಫೋನ್ ಮಾಡ್ಬೇಡಿ’ ಎಂದೆಯಂತೆ.

‘ಬೇರೆ ಕಡೆ ಮಾಡಿಸ್ಲಿಕ್ಕೆ ಆಗೋದಿಲ್ಲ ಅಂಕಲ್. ಕಂಪೆನಿ ಸೆಂಟರಿನಲ್ಲೇ ಆಗ್ಬೇಕು. ನನಗೂ ಅವತ್ತೇ ಡೌಟ್ ಬಂದಿತ್ತು’ ಎಂದಳು ಅವಳು.

ನಾನು ಕೇಳಿದೆ, ಪಂಪು ಇಲ್ಲ ಎಂದು ಕಳಿಸುವಾಗ ಈ ಗಾಡಿ ಓಡಿಸಬೇಡಿ ಎಂದು ಹೇಳಲಿಲ್ಲವೇ ನೀವು? ಅವಳು ತಲೆ ತಗ್ಗಿಸಿ, ‘ಹಾಗೆ ಹೇಳಿದ್ರೆ ಕಸ್ಟಮರ್ಸ್ ಗಲಾಟೆ ಮಾಡ್ತಾರೆ, ಏನೂ ಆಗಲ್ಲ ಅಂತ ಹೇಳಿ ಕಳಿಸೋದು ಇಲ್ಲಿ ರೂಢಿ’ ಎಂದಳು. ಮೆಲ್ಲಗೆ ಹೇಳಿದಳು, ಒಳಗಿನವರಿಗೆ ಕೇಳಿಸದ ಹಾಗೆ. ಅವರ ಪಾಪ ಅವರಿಗಿರಲಿ. ಅದನ್ನು ಕೇಳುವ ಜಾಗ ಬೇರೆ ಇದೆ.

ಸುಕೇಶ, ನೀನು ಆ ದಿನ ಮನೆಗೆ ಬಂದದ್ದು ನನ್ನ ಕಣ್ಣ ಮುಂದೆ ಇದೆ. ಮಾಮಿ ಬಾಗಿಲು ತೆಗೆದಳು. ‘ಆಯ್ತಾ?’ ಎಂದು ಕೇಳಿದೆ. ಚಪ್ಪಲಿ ಬಿಡುತ್ತಾ, ‘ಆಯ್ತು ಮಾವ, ಹೊಸ ಪಂಪ್ ಹಾಕಿದ್ರು, ಇನ್ನು ಟೆನ್ಷನ್ ಇಲ್ಲ’ ಎಂದೆ. ಹೊಸ ಪಂಪ್ ಹಾಕಿದರು ಎಂದೆ. ಅಷ್ಟು ಸಲೀಸಾಗಿ.

ನಿನ್ನ ಕಾಗದವನ್ನು ಮತ್ತೆ ಓದಿದೆ. ‘ಚೆಕ್ ಮಾಡಿದರು’ ಎಂದು ಬರೆದಿದ್ದೀಯಲ್ಲದೆ ‘ಹಾಕಿದರು’ ಎಂದು ಬರೆದಿಲ್ಲ. ಕನ್ನಡ ಮರೆತಿದ್ದೀಯೆಂದು ತಿಳಿದಿದ್ದೆ. ಚೆನ್ನಾಗಿಯೇ ಬರುತ್ತದೆ.

ಯಾಕೆ ಹೀಗೆ ಮಾಡಿದೆ, ಅದನ್ನು ಬರೆ. ಬೇರೆ ಏನೂ ಬೇಡ.

ಕಾಂತಪ್ಪ


ನಾಸಿಕ್
೧೧ ಆಗಸ್ಟ್ ೨೦೨೪

ಮಾವನಿಗೆ ನಮಸ್ಕಾರ.

ನೀವು ನನ್ನ ಮಾತು ಬಿಟ್ಟು ಹೋಗಿ ಸರ್ವೀಸ್ ಸೆಂಟರಿನ ಹುಡುಗಿಯನ್ನು ಕೇಳಿದಿರಿ. ಅವಳ ಮಾತು ನಂಬಿದಿರಿ.

ಸರಿ, ಪಂಪ್ ಇರಲಿಲ್ಲ. ಬೆಳಗ್ಗೆಯಿಂದ ಲೈನಿನಲ್ಲಿ ನಿಲ್ಲಿಸಿ, ಮಧ್ಯಾಹ್ನ ಪಾರ್ಟ್ ಇಲ್ಲ ಅಂದರು. ಗಾಡಿ ಚಲಾಯಿಸಬಹುದಾ ಅಂತ ನಾನೇ ಕೇಳಿದೆ. ‘ಬಿಂದಾಸ್ ಚಲಾವೊ’ ಅಂದರು. ಕಂಪೆನಿಯವರೇ ಹಾಗೆ ಹೇಳಿದ ಮೇಲೆ ನಾನು ಯಾಕೆ ಹೆದರಬೇಕು? ಮನೆಗೆ ಬಂದರೆ ನೀವು ಆಗಲೇ ಇಡೀ ಬಿಲ್ಡಿಂಗಿಗೆ ಹೇಳಿ ಇಟ್ಟಿದ್ದಿರಿ, ಸುಕೇಶ ಹೋಗಿದ್ದಾನೆ, ಮುಗಿಸಿಯೇ ಬರ್ತಾನೆ ಅಂತ. ಇಲ್ಲ ಅಂದಿದ್ದರೆ ಮತ್ತೆ ಮರುದಿನ ಹೋಗು, ಕೇಳು, ಜೋರು ಮಾಡು ಅನ್ನುತ್ತಿದ್ದಿರಿ. ನನಗೆ ಆಗ ನಾಸಿಕ್‌ದು ಮಾತುಕತೆ ನಡೆಯುತ್ತಿತ್ತು. ಪ್ರತಿ ದಿನ ಬೇರೆ ಬೇರೆ ಕೆಲಸ. ನಿಮಗೆ ಒಂದು ಮಾತು ಹೇಳಿ ಸಮಾಧಾನ ಮಾಡಿದೆ, ಅಷ್ಟೇ. ಆಮೇಲೆ ಮಾಡಿಸೋಣ ಅಂತಲೇ ಇದ್ದೆ.

ಅವರು ಫೋನ್ ಮಾಡಿದಾಗ ನಾನು ಇಲ್ಲಿದ್ದೆ. ಗಾಡಿ ಸಯನ್‌ನಲ್ಲಿ. ನಿಮಗೆ ಫೋನ್ ಮಾಡಿ ಅಂದಿದ್ದರೆ ನಾನು ಮೊದಲು ಹೇಳಿದ್ದು ಸುಳ್ಳು ಅಂತ ಆಗುತ್ತಿತ್ತು. ನೀವು ಗಾಡಿ ತೆಗೆಯುವುದೇ ವಾರಕ್ಕೊಮ್ಮೆ, ಮಾಟುಂಗಾ ಮಾರ್ಕೆಟಿಗೆ. ಅದರಲ್ಲಿ ಏನಾಗುತ್ತದೆ ಅಂದುಕೊಂಡೆ. ಬೇರೆಯವರಿಗೆ ಕೀ ಕೊಡಿ ಅಂತ ನಾನು ಹೇಳಿದೆನಾ?

ಇದನ್ನು ಈಗ ಕೆಳಗಿನ ಮನೆಯಲ್ಲಿ ಹೇಳಬೇಡಿ ಮಾವ. ಹೇಳಿದರೆ ಅವರ ಬೆನ್ನು ಸರಿಯಾಗುವುದಿಲ್ಲ. ಇಲ್ಲಿ ನನ್ನ ಹೆಸರು ಹಾಳಾಗುತ್ತದೆ, ಅಷ್ಟೇ ಆಗುವುದು. ಹೇಳಲೇಬೇಕು ಅಂತಿದ್ದರೆ ಚೌತಿಗೆ ನಾನೇ ಬರುತ್ತೇನೆ. ಅವರ ಕಾಲು ಹಿಡಿದು ನಾನೇ ಹೇಳುತ್ತೇನೆ. ಪ್ರಾಮಿಸ್.

ಸುಕೇಶ್


ಸಯನ್
೨೦ ಆಗಸ್ಟ್ ೨೦೨೪

ಸುಕೇಶನಿಗೆ,

ಚೌತಿಯವರೆಗೆ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ದಿನಾ ಮೆಟ್ಟಿಲು ಇಳಿಯುವಾಗ ಅವರ ಬಾಗಿಲು ತೆರೆದೇ ಇರುತ್ತದೆ. ಮಂಚವನ್ನು ಹಾಲ್‌ಗೆ ತಂದಿದ್ದಾರೆ, ಹೋಗಿಬರುವವರ ಮುಖ ಕಾಣಲಿ ಎಂದು. ನಾನು ಕಳ್ಳನ ಹಾಗೆ ತಲೆ ಬಗ್ಗಿಸಿ ದಾಟುತ್ತಿದ್ದೆ.

ನಿನ್ನೆ ಒಳಗೆ ಹೋಗಿ ಹೇಳಿದೆ. ಪಂಪು ಬದಲಾಯಿಸಿರಲಿಲ್ಲ, ನನಗೆ ಗೊತ್ತಿರಲಿಲ್ಲ, ಸುಕೇಶ ಸುಳ್ಳು ಹೇಳಿದ್ದ ಎಂದೆ. ವೈಶಾಲಿ ಎದ್ದು ಅಡುಗೆಮನೆಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಕಸ್ತೂರಿಬಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಹುಡುಗ ಬರ್ತಾನೇನ್ರೀ?’ ಎಂದರು. ಚೌತಿಗೆ ಬರುತ್ತಾನೆ ಎಂದೆ. ‘ಬರ್ಲಿ. ಅವನ ಬಾಯಿಲೇ ಕೇಳಬೇಕಾಗೇದ’ ಎಂದರು.

ಎರಡನೆಯ ಸಲ ನಿನ್ನ ಪರವಾಗಿ ಅದೇ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ನೆನಪಿರಲಿ.

ಕಾಂತಪ್ಪ


ಸಯನ್
೧೫ ಸೆಪ್ಟೆಂಬರ್ ೨೦೨೪

ಸುಕೇಶ,

ಚೌತಿ ಕಳೆಯಿತು. ನಿನ್ನ ಮಾಮಿ ಪತ್ರೊಡೆ ಮಾಡಿ ಡಬ್ಬಿಯಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದಳು. ಕಸ್ತೂರಿಬಾಯಿ ಮಗಳಿಗೆ ಹೇಳಿ ತಲೆ ಬಾಚಿಸಿಕೊಂಡು ಒಗೆದ ಸೀರೆ ಉಟ್ಟು ಮಲಗಿದ್ದರು, ಮನೆಗೆ ಯಾರೋ ಬರುವವರಿದ್ದಾರೆ ಎಂದು.

ಫೋನಿಗೆ ಉತ್ತರವಿಲ್ಲ. ಕಾಗದಕ್ಕಾದರೂ ಇದೆಯೇ?

ಕಾಂತಪ್ಪ


ಸಯನ್
೯ ಡಿಸೆಂಬರ್ ೨೦೨೪

ಶ್ರೀ ಸುಕೇಶ್ ಅವರಿಗೆ,

ಹೀಗೆ ಬರೆದದ್ದಕ್ಕೆ ನಿನ್ನ ಮಾಮಿ ಅತ್ತಳು. ಅವಳಿಗೋಸ್ಕರ ಕೆಳಗೆ ‘ನೀನು’ ಎಂದೇ ಬರೆಯುತ್ತೇನೆ.

ವೈಶಾಲಿ ಕಾರಿನ ಕಂಪೆನಿಯ ಮೇಲೆ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟದ್ದು ನಿನಗೆ ಗೊತ್ತಿರಬೇಕು. ಗೊತ್ತಿರಬೇಕು ಏನು, ಗೊತ್ತಿದೆ. ದೋಷ ಇದೆ ಎಂದು ತಿಳಿದೂ ಗಾಡಿಯನ್ನು ರಸ್ತೆಗೆ ಬಿಟ್ಟಿರಿ, ಓಡಿಸಬೇಡಿ ಎಂದು ಒಂದು ಮಾತು ಹೇಳಲಿಲ್ಲ ಎಂದು ಅವಳ ವಾದ. ಅದಕ್ಕೆ ಕಂಪೆನಿಯ ಉತ್ತರ ಬಂದಿದೆ. ಉತ್ತರದ ಜೊತೆಗೆ ನಿನ್ನ ಅಫಿಡವಿಟ್ ಇದೆ.

ವೈಶಾಲಿ ಅದನ್ನು ಹಿಡಿದುಕೊಂಡು ಮೇಲೆ ಬಂದಳು. ಬಾಗಿಲಲ್ಲೇ ನಿಂತು ಹಿಂದಿಯಲ್ಲಿ ಓದಿ ಹೇಳಿದಳು. ಅವಳು ಸಿಟ್ಟು ಬಂದರೆ ಹಿಂದಿ ಮಾತಾಡುತ್ತಾಳೆ. ಪಂಪು ಸಿಗಲಿಲ್ಲ ಎಂದು ನೀನು ಅದೇ ದಿನ ಮನೆಗೆ ಬಂದು ನಿನ್ನ ಮಾವನಿಗೆ ಸ್ಪಷ್ಟವಾಗಿ ತಿಳಿಸಿದ್ದೆಯಂತೆ. ಆಗುವವರೆಗೆ ದೂರದ ದಾರಿಗೆ ಗಾಡಿ ತೆಗೆಯಬೇಡಿ ಎಂದು ಎಚ್ಚರಿಸಿದ್ದೆಯಂತೆ. ಸರ್ವೀಸ್ ಸೆಂಟರಿನಿಂದ ಮತ್ತೆ ಫೋನು ಬಂದಾಗ, ಮಾವನೇ ಬೇಡವೆಂದದ್ದರಿಂದ ಬೇಡವೆಂದೆಯಂತೆ.

ಓದಿ ಮುಗಿಸಿ ಕೇಳಿದಳು, ‘ಅಂಕಲ್, ನಿಮಗೆ ಗೊತ್ತಿತ್ತಾ?’

ಇಲ್ಲ ಎಂದೆ.

‘ಮೊದಲು ರಿಪೇರಿ ಆಗಿದೆ ಅಂದ್ರಿ. ಆಮೇಲೆ ಅಳಿಯ ಸುಳ್ಳು ಹೇಳಿದ್ದ ಅಂದ್ರಿ. ಅವನು ಬಂದು ಹೇಳ್ತಾನೆ ಅಂದ್ರಿ. ಈಗ ಅವನೇ ನೀವು ಸುಳ್ಳು ಅಂತಿದ್ದಾನೆ. ಇಷ್ಟರಲ್ಲಿ ನಾನು ಯಾವುದು ನಂಬ್ಲಿ ಹೇಳಿ.’

ಕಾಗದ ಮಡಚಿಕೊಂಡು ಕೆಳಗೆ ಇಳಿದು ಹೋದಳು.

ಎದುರುದಾರರ ಸಾಲಿನಲ್ಲಿ ಈಗ ನನ್ನ ಹೆಸರನ್ನೂ ಸೇರಿಸಿದ್ದಾಳೆ. ನನಗೆ ನೋಟಿಸು ಬಂದಿದೆ. ಅವಳನ್ನು ನಾನು ದೂರುವುದಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಬಿಲ್ಡಿಂಗಿನಲ್ಲಿ ನನ್ನ ಜೊತೆ ಲಿಫ್ಟಿನಲ್ಲಿ ಬರುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಗಲ್ಲಾದಲ್ಲಿ ಕೂತಷ್ಟು ಕಾಲ ಯಾರೂ ನನ್ನನ್ನು ಸುಳ್ಳುಗಾರ ಎಂದಿರಲಿಲ್ಲ.

ನಮ್ಮಲ್ಲಿ ಅಳಿಯ ಎಂದರೆ ಏನು ಎಂದು ನಿನಗೆ ಹೇಳಿಕೊಡಬೇಕೇ? ಅಕ್ಕ ತೀರಿಕೊಂಡ ಮೇಲೆ ನಿನ್ನನ್ನು ಊರಿನಿಂದ ಕರೆತಂದಾಗ, ಇವನು ನನ್ನ ನಂತರ ಮನೆ ನೋಡುವವನು ಎಂದೇ ಎಲ್ಲರಿಗೂ ಪರಿಚಯ ಮಾಡಿಕೊಟ್ಟಿದ್ದೆ. ಸುಳ್ಳು ಹೇಳಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಸೋಮಾರಿತನ, ಅಂಜಿಕೆ, ವಯಸ್ಸು ಎಂದು ಹೇಳಿಕೊಳ್ಳುತ್ತಿದ್ದೆ. ಇದು ಆ ಜಾತಿಯದಲ್ಲ. ಇದನ್ನು ನೀನು ಕೂತು ಯೋಚಿಸಿ, ಇಂಗ್ಲಿಷಿನಲ್ಲಿ ಬರೆಸಿ, ಓದಿ, ಸಹಿ ಹಾಕಿದ್ದೀಯ.

ಆ ಅಫಿಡವಿಟನ್ನು ಹಿಂದಕ್ಕೆ ತೆಗೆದುಕೊ. ಇದು ನನ್ನ ಕೋರಿಕೆ ಎಂದು ತಿಳಿ, ಅಪ್ಪಣೆ ಎಂದು ತಿಳಿ, ನಿನ್ನಿಷ್ಟ.

ಕಾಂತಪ್ಪ


ನಾಸಿಕ್
೨೬ ಡಿಸೆಂಬರ್ ೨೦೨೪

ಮಾವ,

ನೀವು ಸಿಟ್ಟಿನಲ್ಲಿದ್ದೀರಿ. ನನ್ನ ಜಾಗದಲ್ಲಿ ನಿಂತು ಒಮ್ಮೆ ನೋಡಿ.

ಕಂಪೆನಿಯ ವಕೀಲರು ಹೋಟೆಲಿಗೇ ಬಂದಿದ್ದರು, ಊಟದ ಟೈಮಿನಲ್ಲಿ, ಪ್ರೀತಮ್ ಭಾಯಿ ಎದುರಿಗೇ. ರೀಕಾಲ್ ಆದ ಗಾಡಿ ಅಂತ ಗೊತ್ತಿದ್ದೂ ಮುಚ್ಚಿಟ್ಟವನು ನೀನಾದರೆ ಪೊಲೀಸ್ ಕೇಸಿನಲ್ಲಿ ನಿನ್ನ ಹೆಸರು ಬರುತ್ತದೆ, ಮನೆಯಲ್ಲಿ ಹೇಳಿದ್ದೆ ಅಂತಾದರೆ ನಿನ್ನ ಜವಾಬ್ದಾರಿ ಮುಗಿಯಿತು ಅಂದರು. ನಿಶ್ಮಿತಾಗೆ ಆಗ ತಿಂಗಳು ತುಂಬಿತ್ತು. ನಾನು ಜೈಲಿಗೆ ಹೋದರೆ ಅವಳನ್ನು ಯಾರು ನೋಡುತ್ತಾರೆ? ಪ್ರೀತಮ್ ಭಾಯಿ ಅವತ್ತೇ ಹೇಳಿದರು, ಕೋರ್ಟು ಕಚೇರಿ ಇರುವವನ ಜೊತೆ ಪಾರ್ಟ್ನರ್‌ಶಿಪ್ ಆಗಲ್ಲ ಅಂತ.

ನಿಮಗೆ ಏನೂ ಆಗುವುದಿಲ್ಲ ಮಾವ. ನಿಮಗೆ ವಯಸ್ಸಾಗಿದೆ. ಮರೆತುಹೋಯಿತು ಅಂದರೂ ಯಾರೂ ಏನೂ ಅನ್ನುವುದಿಲ್ಲ, ಹಿರಿಯರಿಗೆ ಮರೆವು ಸಹಜ ಅಂತ ಬಿಡುತ್ತಾರೆ. ನಿಮ್ಮ ಜೀವನ ಒಳ್ಳೆಯ ಹೆಸರಿನಲ್ಲಿ ಕಳೆದಿದೆ. ನನ್ನದು ಈಗ ಶುರು. ಒಂದು ಸಲ ನನಗೋಸ್ಕರ ಇದನ್ನು ಹೊತ್ತುಕೊಳ್ಳಿ. ಇಷ್ಟು ಮಾಡಿದ್ದೀರಿ, ಇದೊಂದು ಮಾಡಿ.

ಮಗು ಹುಟ್ಟಿದ್ದು ಮಾಮಿ ನಿಮಗೆ ಹೇಳಿರಬೇಕು. ಗಂಡು. ನಿಮ್ಮ ಮೂಗು ಅಂತ ನಿಶ್ಮಿತಾ ಅನ್ನುತ್ತಾಳೆ.

ಅಫಿಡವಿಟ್ ವಾಪಸ್ ತೆಗೆಯಲು ಆಗುವುದಿಲ್ಲ.

ಸುಕೇಶ್


ಸಯನ್
೨ ಫೆಬ್ರವರಿ ೨೦೨೫

ಸುಕೇಶನಿಗೆ ಮಾಮಿ ಮಾಡುವ ಆಶೀರ್ವಾದ. ಮಗುವಿಗೂ ನಿಶ್ಮಿತಾಳಿಗೂ ಆಶೀರ್ವಾದ.

ನಾನು ನಿನಗೆ ಕಾಗದ ಬರೆಯುವುದು ಇದೇ ಮೊದಲು. ಬರೆಯುವ ಕೆಲಸ ಯಾವಾಗಲೂ ನಿನ್ನ ಮಾವನದು, ಫೋನು ನನ್ನದು. ಚೌತಿ ಕಳೆದ ಮೇಲೂ ಮಾವ ವಾಕಿಂಗಿಗೆ ಹೋದಾಗ ನಾನು ನಿನಗೆ ಫೋನ್ ಮಾಡುತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಮಗು ಹುಟ್ಟಿದ್ದನ್ನೂ ನಾನು ಅವರಿಗೆ ಹೇಳಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ನಿನ್ನ ಕಾಗದದಲ್ಲಿ ಓದಿ ಅವರು ನನ್ನ ಮುಖ ನೋಡಿದರು. ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತರು. ಈ ಮನೆಯಲ್ಲಿ ಅವರ ನಂಬಿಕೆ ಕೆಡಿಸಿದವರು ಇಬ್ಬರಾದೆವು.

ಆ ದಿನ ನಾನು ಬಾಗಿಲು ತೆಗೆದಿದ್ದೆ ಎಂಬುದನ್ನು ನೀನು ಮರೆತಿರಲಿಲ್ಲ. ಅದಕ್ಕೇ ಅಲ್ಲವಾ ಕಳೆದ ತಿಂಗಳು ಫೋನಿನಲ್ಲಿ, ‘ಮಾಮಿ, ಯಾರಾದ್ರೂ ಕೇಳಿದ್ರೆ ನೀವು ಅಡುಗೆಮನೆಯಲ್ಲಿದ್ರಿ, ಎಂತದೂ ಕೇಳಿಸ್ಲಿಲ್ಲ ಅಂತ ಹೇಳಿ, ಆಯ್ತಾ?’ ಎಂದದ್ದು. ನಾನು ಆಯಿತು ಎಂದೆ. ನೀನು ಕೇಳಿದ್ದಕ್ಕೆ ನಾನು ಇಲ್ಲ ಎಂದದ್ದು ಯಾವಾಗ?

ಮಾವನ ವಕೀಲ ಚೇತನ, ಫೋರ್ಟಿನ ಹೋಟೆಲಿಗೆ ಊಟಕ್ಕೆ ಬರುತ್ತಿದ್ದವರು, ಅವರು ಮನೆಗೆ ಬಂದಿದ್ದರು. ನಿಮ್ಮ ಮಾತಿಗೆ ಅವನ ಮಾತು ಎದುರಾಗಿದೆ, ಅವತ್ತು ಮನೆಯಲ್ಲಿ ಬೇರೆ ಯಾರಿದ್ದರು ಎಂದು ಕೇಳಿದರು. ಮಾವ, ‘ಯಾರೂ ಇರ್ಲಿಲ್ಲ’ ಎಂದರು. ನಾನು ಚಹಾ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅಕ್ಕನ ಮಗ ತಮ್ಮ ಹೆಸರು ಕೆಡಿಸಿದ ಮೇಲೂ, ನಾನು ಸಾಕಿದ ಹುಡುಗನ ವಿರುದ್ಧ ನಾನೇ ಬಾಯಿ ತೆರೆಯುವ ಹಾಗೆ ಆಗಬಾರದು ಎಂದು ನನ್ನನ್ನು ಬಚಾವು ಮಾಡಲು ಅವರು ಸುಳ್ಳು ಹೇಳಿದರು. ಇಷ್ಟು ವರ್ಷದಲ್ಲಿ ಅವರು ಹೇಳಿದ ಸುಳ್ಳು ನಾನು ಕೇಳಿದ್ದು ಅದೊಂದೇ. ಚಹಾ ಅಲ್ಲೇ ಇಟ್ಟು ಒಳಗೆ ಹೋದೆ.

ಆ ವಾರ ನಾನು ಕಸ್ತೂರಿಬಾಯಿಯ ಹತ್ತಿರ ಹೋಗಿ ಕೂತೆ. ವೈಶಾಲಿ ಆಫೀಸಿಗೆ ಹೋಗಿದ್ದಳು. ಸೇವಂತಿ ಎಂಬ ಹೆಂಗಸು ನೋಡಿಕೊಳ್ಳಲು ಬರುತ್ತಾಳೆ. ಅವಳು ಕಸ್ತೂರಿಬಾಯಿಯನ್ನು ಮಗ್ಗಲು ತಿರುಗಿಸುತ್ತಿದ್ದಳು. ನಾನೂ ಕೈಹಾಕಿದೆ. ಬೆನ್ನಿನಲ್ಲಿ ಹುಣ್ಣಾಗಿದೆ ಸುಕೇಶ. ಒತ್ತಿದರೂ ಅವರಿಗೆ ನೋವು ಗೊತ್ತಾಗುವುದಿಲ್ಲ. ತಿರುಗಿಸಿದ ಮೇಲೆ ಅವರು ನನ್ನ ಕೈ ಬಿಡದೆ, ‘ಅಕ್ಕವ್ವಾ, ನಿಮ್ಮ ಯಜಮಾನ್ರು ಖರೇನ ಗೊತ್ತಿದ್ದು ಕೀಲಿ ಕೊಟ್ರೇನು? ನನಗ ಅದೊಂದ ಹೇಳ್ರಿ. ನಡಿಲಿಕ್ಕೆ ಬರೂದಿಲ್ಲ ಅಂತ ನನಗ ಗೊತ್ತಾಗೇದ, ಅದಕ್ಕ ನಾ ಅಳೂದಿಲ್ಲ. ಆದ್ರ ಇದು ರಾತ್ರಿ ಹಗಲೂ ಕೊರೀತದ’ ಎಂದರು.

ಅಡುಗೆಮನೆಯಲ್ಲಿದ್ದೆ, ಏನೂ ಕೇಳಿಸಲಿಲ್ಲ ಎಂದು ನೀನು ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ‘ಇಲ್ಲ, ಅವರಿಗೆ ಗೊತ್ತಿರ್ಲಿಲ್ಲ. ನಾನು ಬಾಗಿಲ ಹತ್ರವೇ ಇದ್ದೆ. ಹೊಸ ಪಂಪ್ ಹಾಕಿದ್ರು ಅಂತ ಸುಕೇಶನೇ ಹೇಳಿದ್ದು’ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ‘ಇಷ್ಟ ಬೇಕಾಗಿತ್ರೀ’ ಎಂದರು.

ಮಾವನಿಗೆ ಹೇಳದೆ ಚೇತನರಿಗೆ ನಾನೇ ಫೋನ್ ಮಾಡಿದೆ. ಫೋರ್ಟಿಗೆ ಲೋಕಲ್‌ನಲ್ಲಿ ಒಬ್ಬಳೇ ಹೋದೆ. ಅವರು ಇಂಗ್ಲಿಷಿನಲ್ಲಿ ಬರೆಸಿ ಕನ್ನಡದಲ್ಲಿ ಓದಿ ಹೇಳಿದರು. ನೋಟರಿಯವನು, ‘ಈ ಹುಡುಗ ನಿಮಗೆ ಏನಾಗಬೇಕು?’ ಎಂದು ಕೇಳಿದ. ಗಂಡನ ಅಕ್ಕನ ಮಗ ಎಂದು ಕಾಗದದಲ್ಲಿ ಇತ್ತು. ನಾನು ‘ಮಗ’ ಎಂದೆ. ಕಾಗದದಲ್ಲಿ ಹಾಗಿಲ್ಲವಲ್ಲ ಎಂದ. ‘ಅದು ಸರಿಯೇ, ಹಾಗೇ ಇರಲಿ’ ಎಂದು ಸಹಿ ಹಾಕಿದೆ.

ವೈಶಾಲಿ ಅದರ ಪ್ರತಿ ಓದಿ ನಿನ್ನೆ ಮನೆಗೆ ಬಂದಳು. ಬಹಳ ತಿಂಗಳಾದ ಮೇಲೆ ಒಳಗೆ ಬಂದು ಕೂತಳು. ‘ಅಂಕಲ್, ನಿಮ್ಮ ಹೆಸರು ತೆಗೀಲಿಕ್ಕೆ ವಕೀಲರಿಗೆ ಹೇಳೇನಿ’ ಎಂದಳು. ಮಾವ ನನ್ನ ಕಡೆ ತಿರುಗಿದರು. ಆಗಲೇ ಅವರಿಗೆ ಗೊತ್ತಾದದ್ದು. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಮುಖ ಇನ್ನೂ ಬಾಡಿತು. ‘ನಿನಗೆ ಯಾಕಿತ್ತು ಇದು’ ಎಂದಷ್ಟೇ ಹೇಳಿದರು.

ಕಂಪೆನಿಯ ಮೇಲಿನ ಕೇಸು ನಡೆಯುತ್ತದೆ. ಈಗ ನಿನ್ನನ್ನೂ ಕರೆಸಿ ಕೇಳಬಹುದು ಎನ್ನುತ್ತಾರೆ. ಕಂಪೆನಿಯ ವಕೀಲರು ಹೆದರಿಸಿದರು ಎಂದು ಹೇಳಿದ್ದೀಯಲ್ಲ, ಆ ಹೆದರಿಕೆಯನ್ನೇ ಅಲ್ಲಿ ಹೇಳು. ನಿಜ ಹೇಳಿದರೆ ನಿನಗೆ ಏನಾಗುತ್ತದೋ ನನಗೆ ತಿಳಿಯದು. ಒಳ್ಳೆಯದೇ ಆಗುತ್ತದೆ ಎಂದು ಸುಳ್ಳು ಧೈರ್ಯ ಹೇಳುವುದಿಲ್ಲ.

ಸಹಿ ಹಾಕಿದ ದಿನದಿಂದ ನಾನು ನಿನ್ನ ಫೋನು ಎತ್ತಿಲ್ಲ, ನೀನು ದಿನಾ ಮಾಡುತ್ತಿದ್ದೀಯ. ರಿಂಗಾಗುವಾಗ ಎದುರಿಗೆ ಕೂತು ನೋಡುತ್ತಿರುತ್ತೇನೆ. ಮಗುವಿನ ದನಿ ಕೇಳಿಸಬೇಕು ಎಂದು ತುಂಬಾ ಆಸೆಯಾಗುತ್ತದೆ. ಇನ್ನು ಮೇಲೆ ಮಾಡಬೇಡ ಮಗಾ. ಮಾಡುತ್ತಲೇ ಇದ್ದರೆ ಒಂದು ದಿನ ನಾನು ಎತ್ತಿಬಿಡುತ್ತೇನೆ. ಎತ್ತಿದರೆ ನೀನು ಏನಾದರೂ ಕೇಳುತ್ತೀಯ, ನಾನು ಆಯಿತು ಎಂದುಬಿಡುತ್ತೇನೆ. ಅದಕ್ಕೇ ಹೇಳುವುದು, ಮಾಡಬೇಡ.

ಮಾಮಿ
ಅಕ್ಕು